ಓದಿ ಕೇಳಿ ತಿಳಿದು

ನಮ್ಮ ಅತ್ತೆಯವರ ಬಾಯಿಗೆ ವೆಬಿನಾರ್ ಎಂಬ ಶಬ್ದ ಕೊನೆಯವರೆಗೂ ಹತ್ತಲಿಲ್ಲ. ಅವರು ಅದನ್ನು ‘ಬೇವಿನಾರ’ ಎಂದೇ ಕರೆದರು. “ನಿಮ್ಮವ್ವಂದು ಬೇವಿನಾರ ನಡದೈತಿ, ಗದ್ಲಾ ಮಾಡಬ್ಯಾಡ್ರಿ” ಎಂದು ಪಡಸಾಲೆಯಲ್ಲಿ ಕುಳಿತು ಮೊಮ್ಮಕ್ಕಳನ್ನು ಗದರಿಸುತ್ತಿದ್ದರು. ಒಂದು ದಿನ ನಾನು ಕಿವಿಗೆ ಸಿಕ್ಕಿಸಿಕೊಂಡದ್ದನ್ನು ತೆಗೆದು ಹೊರಗೆ ಬಂದಾಗ, “ಅಲ್ಲವಾ, ತಾಸುಗಟ್ಲೆ ಕೇಳ್ತಿಯಲ್ಲ, ಅದು ಕಹಿ ಐತೋ ಸಿಹಿ ಐತೋ?” ಎಂದು ಕೇಳಿಬಿಟ್ಟರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಗ ಉತ್ತರ ಹೇಳುವ ಅಗತ್ಯ ನನಗೆ ಕಂಡಿರಲಿಲ್ಲ.

2020ರ ಮಾರ್ಚ್ ಕೊನೆಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನಮ್ಮ ಕಾಲೇಜಿನ ಗ್ರಂಥಾಲಯಕ್ಕೂ ಕೀಲಿ ಬಿತ್ತು. ಕೀಲಿಕೈ ನನ್ನ ಪರ್ಸಿನಲ್ಲಿ, ನಾನು ಗೋಕಾಕದ ಮನೆಯಲ್ಲಿ. ಅದರ ಹಿಂದಿನ ಆಗಸ್ಟಿನಲ್ಲಷ್ಟೇ ಘಟಪ್ರಭೆ ಊರೊಳಗೆ ಬಂದು ಹೋಗಿದ್ದಳು. ಎಷ್ಟೋ ಮನೆಗಳ ಗೋಡೆಯ ಮೇಲೆ ನೀರು ನಿಂತ ಗೆರೆ ಇನ್ನೂ ಅಳಿಸಿರಲಿಲ್ಲ. ಅಂಥದರಲ್ಲಿ ಈ ಹೊಸ ಸಂಕಟ. ಪುಸ್ತಕಗಳಿಗೆ ಗೆದ್ದಲು ಹತ್ತೀತೆಂಬ ಚಿಂತೆಯಲ್ಲಿ ನಾನಿರುವಾಗ ಮೇ ತಿಂಗಳು ಮುಗಿಯುವಷ್ಟರಲ್ಲಿ ವಾಟ್ಸಾಪಿಗೆ ಕರೆಯೋಲೆಗಳು ಬರತೊಡಗಿದವು. ಆ ವರ್ಷ ಲಗ್ನಗಳು ನಿಂತುಹೋದವು, ಲಗ್ನಪತ್ರಿಕೆಗಳ ಜಾಗದಲ್ಲಿ ವೆಬಿನಾರಿನ ಪತ್ರಿಕೆಗಳು ಬಂದವು ಎನ್ನಬಹುದು. ಅವೂ ಹಾಗೆಯೇ ಇರುತ್ತಿದ್ದವು. ಮೇಲೆ ಸಂಸ್ಥಾಪಕರ ಭಾವಚಿತ್ರ, ಕೆಳಗೆ ಅಧ್ಯಕ್ಷರು, ಪ್ರಾಚಾರ್ಯರು, ಸಂಚಾಲಕರ ಸಾಲು, ನಡುವೆ ಎಲ್ಲೋ ವಿಷಯ. ಗ್ರಂಥಪಾಲಕರಿಗಾಗಿ ಡಿಜಿಟಲ್ ಸಂಪನ್ಮೂಲಗಳು, ಗ್ರಂಥಪಾಲಕರಿಗಾಗಿ ಮಾಹಿತಿ ಸಾಕ್ಷರತೆ, ಕೊರೊನಾ ನಂತರದ ಗ್ರಂಥಾಲಯ, ಹೀಗೆ.

ಈ ಮೊದಲು ನಮ್ಮಂಥವರಿಗೆ ತರಬೇತಿ ಎಂದರೆ ಊರು ಬಿಟ್ಟು ಹೋಗುವುದು. ಧಾರವಾಡಕ್ಕೋ ಮೈಸೂರಿಗೋ ಮೂರು ವಾರದ ರಿಫ್ರೆಶರ್ ಕೋರ್ಸಿಗೆ ಗಂಡಸರು ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ಹೆಂಗಸು ಹೊರಡಬೇಕಾದರೆ ಆ ಮೂರು ವಾರಕ್ಕಾಗುವಷ್ಟು ಕಟಕ ರೊಟ್ಟಿ ಬಡಿದಿಟ್ಟು, ಶೇಂಗಾ ಹಿಂಡಿ ಕುಟ್ಟಿಟ್ಟು, ಹಾಲಿನವನ ಲೆಕ್ಕ ಬರೆದಿಟ್ಟು, ಅತ್ತೆಯ ಗುಳಿಗೆಗಳನ್ನು ಮುಂಜಾನೆಯವು ಸಂಜೆಯವು ಎಂದು ಬೇರೆ ಬೇರೆ ಡಬ್ಬಿಗೆ ಹಾಕಿಟ್ಟು ಹೊರಡಬೇಕು. ನಾನು ಹಾಗೆ ಒಮ್ಮೆ ಹೋದವಳು ಒಂಬತ್ತನೆಯ ದಿನಕ್ಕೆ ಮಗನಿಗೆ ಜ್ವರ ಬಂತೆಂದು ತಿರುಗಿ ಬಂದೆ. ಕೋರ್ಸು ಅರ್ಧಕ್ಕೇ ನಿಂತಿತು, ಪ್ರಮಾಣಪತ್ರ ಸಿಗಲಿಲ್ಲ. ಹೀಗಿರುವಾಗ ತರಬೇತಿಯೇ ಮನೆಗೆ ನಡೆದು ಬಂದರೆ ಬೇಡವೆನ್ನುವವರು ಯಾರು? ಹಿಟ್ಟಿನ ಡಬ್ಬಿಯ ಮೇಲೆ ಮಗನ ಲ್ಯಾಪ್‌ಟಾಪ್ ಇಟ್ಟು, ಹಿಂದೆ ಅಡುಗೆಮನೆ ಕಾಣದಂತೆ ಒಂದು ಇಳಕಲ್ ಸೀರೆ ತೂಗಬಿಟ್ಟು ನಾನು ವಿದ್ಯಾರ್ಥಿನಿಯಾದೆ. ವೆಬಿನಾರನ್ನು ಹಗುರಾಗಿ ಮಾತಾಡುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅವರು ಯಾರೂ ಇಪ್ಪತ್ತೊಂದು ದಿನದ ರೊಟ್ಟಿ ಬಡಿದವರಲ್ಲ.

ನಾವು ಮೂವರು ಗೆಳತಿಯರು. ಪದವಿ ಓದುವಾಗ ಒಂದೇ ಖೋಲಿಯಲ್ಲಿ ಇದ್ದವರು. ಒಬ್ಬಾಕೆ ಹುಕ್ಕೇರಿಯಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ಶಾಲೆಯಲ್ಲಿ ಗ್ರಂಥಪಾಲಕರ ಹುದ್ದೆಯೇ ಇಲ್ಲವಾದ್ದರಿಂದ ಪುಸ್ತಕದ ಎರಡು ಕಪಾಟುಗಳ ಕೀಲಿ ಆಕೆಯ ಸೆರಗಿನ ತುದಿಗೆ. ಇನ್ನೊಬ್ಬಾಕೆ ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕಿ. ಹೆಸರು ಹಾಕಿದರೆ ಇಬ್ಬರೂ ನನ್ನನ್ನು ಬಿಡುವುದಿಲ್ಲ, ಆದ್ದರಿಂದ ಹುಕ್ಕೇರಿಯಾಕೆ, ಮೂಡಲಗಿಯಾಕೆ ಎಂದೇ ಕರೆಯುತ್ತೇನೆ. ವೆಬಿನಾರ್ ನಡೆಯುವಾಗ ಪರದೆಯ ಮೇಲೆ ಹುಕ್ಕೇರಿಯಾಕೆಯ ಮಗನ ಹೆಸರೂ ಮೂಡಲಗಿಯಾಕೆಯ ಫೋನಿನ ಕಂಪನಿಯ ಹೆಸರೂ ಕಾಣುತ್ತಿದ್ದವು. “ರೆಡ್ಮಿ ಅವರು ದಯವಿಟ್ಟು ಮ್ಯೂಟ್ ಮಾಡಿಕೊಳ್ಳಿ” ಎಂದು ಬೆಂಗಳೂರಿನ ಸಂಪನ್ಮೂಲ ವ್ಯಕ್ತಿಗಳು ಹೇಳಿದಾಗ ನಮ್ಮ ಮೂಡಲಗಿಯಾಕೆಯ ಎಮ್ಮೆ ಕೂಗುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ಹುಕ್ಕೇರಿಯಾಕೆ ಕುಕ್ಕರಿನ ಸೀಟಿ ಲೆಕ್ಕ ಮಾಡುತ್ತಲೇ ಪ್ರಶ್ನೆ ಕೇಳುವಷ್ಟು ಪಳಗಿದಳು. ಝೂಮಿನ ಪುಕ್ಕಟೆ ಸಭೆ 40 ನಿಮಿಷಕ್ಕೆ ತಾನಾಗಿಯೇ ಮುಗಿದುಹೋಗುತ್ತಿತ್ತು. ಸ್ವಾಗತ, ಪ್ರಾರ್ಥನೆ, ಪ್ರಾಸ್ತಾವಿಕ ನುಡಿ ಮುಗಿದು ಅತಿಥಿಗಳು “ಈಗ ವಿಷಯಕ್ಕೆ ಬರೋಣ” ಎನ್ನುವ ಹೊತ್ತಿಗೆ ಸರಿಯಾಗಿ.

ಪ್ರಮಾಣಪತ್ರದ ಕಥೆ ಬೇರೆಯೇ. ಕೊನೆಯಲ್ಲಿ ಒಂದು ಅಭಿಪ್ರಾಯ ನಮೂನೆ ಬರುತ್ತದೆ, ಅದನ್ನು ತುಂಬಿ ಕಳಿಸಿದ ಕೂಡಲೇ ಹೂಬಳ್ಳಿಯ ಅಂಚು ಇರುವ ಪ್ರಮಾಣಪತ್ರ ಮಿಂಚಂಚೆಗೆ ಬೀಳುತ್ತದೆ. ಕಾಲೇಜುಗಳಿಗೂ ಮೌಲ್ಯಮಾಪನಕ್ಕೆ ಅವು ಬೇಕು, ಆದ್ದರಿಂದ ಎಷ್ಟಾದವು ಎಂದು ಮೇಲಿನವರು ವಾರಕ್ಕೊಮ್ಮೆ ಕೇಳುತ್ತಿದ್ದರು. ನಾನೂ ಆಸೆಬುರುಕಿಯಾದೆ. ಒಂದೇ ಹೊತ್ತಿಗೆ ಎರಡು ವೆಬಿನಾರಿಗೆ, ಫೋನಿನಲ್ಲೊಂದು ಲ್ಯಾಪ್‌ಟಾಪಿನಲ್ಲೊಂದು, ಹಾಜರಿ ಹಾಕಿದ ಪಾಪವೂ ನನ್ನ ಖಾತೆಯಲ್ಲಿದೆ. ಜುಲೈ ಮುಗಿಯುವಷ್ಟರಲ್ಲಿ ನಲವತ್ತೊಂದು ಪ್ರಮಾಣಪತ್ರ ಕೂಡಿದವು. ಝೆರಾಕ್ಸ್ ಅಂಗಡಿಯವನು ಬಣ್ಣದಲ್ಲಿ ತೆಗೆದುಕೊಡುತ್ತ, “ಬಾಯಾರ, ಇಷ್ಟ ಕಲ್ತ ಏನ ಮಾಡ್ತೀರಿ?” ಎಂದ.

ಏನೂ ಕಲಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಖರಗಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲಿ ಹುಡುಕುವುದನ್ನು ನಾನು ಕಲಿತದ್ದು ಆಗಲೇ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಎಷ್ಟು ನಿಘಂಟುಗಳು ಪುಕ್ಕಟೆ ಇವೆ ಎಂದು ಕಂಡದ್ದೂ ಆಗಲೇ. ಗ್ರಂಥಾಲಯದ ಲೆಕ್ಕವನ್ನೆಲ್ಲ ಇಡುವ ‘ಕೋಹಾ’ ಎಂಬ ತಂತ್ರಾಂಶ ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಗ್ರಂಥಾಲಯಕ್ಕೆಂದು ಹುಟ್ಟಿದ್ದು. ಅದನ್ನು ಜಗತ್ತಿಗೆಲ್ಲ ಬಿಟ್ಟಿ ಕೊಟ್ಟರು. ಅಲ್ಲಿನ ಮಾವೋರಿ ಜನರ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ, ಅದೂ ಪಡೆದವರು ಮುಂದೆ ಒಂದು ದಿನ ತಿರುಗಿ ಕೊಡಬೇಕಾದ ಕಾಣಿಕೆ. “ಅಂದ್ರ ನಮ್ಮ ಆಯೇರಿನ” ಎಂದಳು ಹುಕ್ಕೇರಿಯಾಕೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ. ಇಂಗ್ಲಿಷಿಗೆ 820 ಎಂದು ಮೂರೇ ಅಂಕಿ, ನಮಗೆ ಆರು. 1876ರಲ್ಲಿ ಅಮೆರಿಕೆಯಲ್ಲಿ ಕುಳಿತು ಮೆಲ್ವಿಲ್ ಡ್ಯೂಯಿ ಜಗತ್ತನ್ನು ಹಂಚುವಾಗ ನಾವು ದೂರದ ಕೇರಿಯವರಾಗಿದ್ದೆವು, ಅಷ್ಟೆ. ಒಂದು ವೆಬಿನಾರಿನಲ್ಲಿ ಸ್ಥಳೀಯ ಸಂಪನ್ಮೂಲಗಳ ಬಗ್ಗೆ ಮಾತಾಡಲು ನನಗೂ ಐದು ನಿಮಿಷ ಕೊಟ್ಟಿದ್ದರು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಆನಂದಕಂದರು, ಮಲಾಮರಡಿಯಲ್ಲಿ ಬಸವರಾಜ ಕಟ್ಟೀಮನಿಯವರು, ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದರು, ಒಂದೇ ಹೊಳೆಸಾಲಿನ ಸುತ್ತಮುತ್ತ ಇಷ್ಟು ಬರಹಗಾರರು ಎಂದು ನಾನು ಉಬ್ಬಿ ಹೇಳುತ್ತಿದ್ದಾಗ ಕರೆಂಟು ಹೋಯಿತು. ನನ್ನ ಪ್ರಥಮ ಉಪನ್ಯಾಸ ಅಲ್ಲಿಗೆ ಮುಗಿಯಿತು.

ಆಗಸ್ಟ್ 12 ಗ್ರಂಥಪಾಲಕರ ದಿನ. ಎಸ್. ಆರ್. ರಂಗನಾಥನ್ ಅವರ ಹುಟ್ಟುಹಬ್ಬವೆಂದು ಅದನ್ನು ಆಚರಿಸುತ್ತಾರೆ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು ಗಣಿತದ ಮೇಷ್ಟ್ರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಪುಸ್ತಕಗಳು ಇರುವುದು ಬಳಕೆಗೆ ಎಂಬುದು ಅವರ ಮೊದಲನೆಯ ಸೂತ್ರ. ಕೇಳಲಿಕ್ಕೆ ಇಷ್ಟೇನಾ ಅನಿಸುತ್ತದೆ. ಕೀಲಿ ಹಾಕಿದ ಗಾಜಿನ ಕಪಾಟುಗಳನ್ನು ಕಂಡವರಿಗೆ ಮಾತ್ರ ಅದರ ಖಾರ ಗೊತ್ತು.

2020ರ ಆ ದಿನ ಮುಂಜಾನೆ ನಾನು ಪತ್ರಿಕೆ ನೋಡುತ್ತಿದ್ದೆ. ಹಿಂದಿನ ದಿನ, 11ರಂದು, ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತ್ತು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಇದೆ, 2005ರ ತಿದ್ದುಪಡಿ ಜಾರಿಗೆ ಬಂದ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು. ಅದಕ್ಕೂ ಮೊದಲು 2015ರಲ್ಲಿ ಅದೇ ಕೋರ್ಟು ತಂದೆ ಅಂದು ಬದುಕಿರಲೇಬೇಕು ಎಂದಿತ್ತು. ಆ ಹಳೆಯ ಪ್ರಕರಣ ನಮ್ಮ ಬೆಳಗಾವಿಯ ನ್ಯಾಯಾಲಯದಲ್ಲಿ 1992ರಲ್ಲಿ ಫೂಲವತಿ ಎಂಬ ಹೆಣ್ಣುಮಗಳು ಹೂಡಿದ ದಾವೆಯಿಂದ ಹೊರಟದ್ದು. ಇಪ್ಪತ್ತಮೂರು ವರ್ಷ ನಡೆದು ಆಕೆಗೆ ವಿರುದ್ಧವಾಗಿ ಮುಗಿದಿತ್ತು. 2020ರ ತೀರ್ಪು ಆ ನಿಲುವನ್ನು ತಳ್ಳಿಹಾಕಿತು. ಇಂಥ ಸುದ್ದಿ ಕಂಡರೆ ಗ್ರಂಥಪಾಲಕಿ ಏನು ಮಾಡಬೇಕೋ ನಾನೂ ಅದನ್ನೇ ಮಾಡಿದೆ. ಕತ್ತರಿ ತಂದು ನೀಟಾಗಿ ಕತ್ತರಿಸಿದೆ, ಬಿಳಿ ಹಾಳೆಗೆ ಅಂಟಿಸಿದೆ, ಮೂಲೆಯಲ್ಲಿ 346.05 ಎಂದು ಬರೆದೆ. ವಾರಸಾ ಹಕ್ಕಿಗೆ ಡ್ಯೂಯಿ ಕೊಟ್ಟ ಸಂಖ್ಯೆ ಅದು. ಕಾಲೇಜು ತೆರೆದ ಮೇಲೆ ತುಣುಕುಗಳ ಕಡತಕ್ಕೆ ಸೇರಿಸಿದರಾಯಿತೆಂದು ಎತ್ತಿಟ್ಟು ವೆಬಿನಾರಿಗೆ ಕುಳಿತೆ.

ಅಂದಿನ ವಿಷಯ ಮಾಹಿತಿ ಸಾಕ್ಷರತೆ. ಮಾತಾಡಿದವರು ತಿಳಿದವರು. ಅಕ್ಷರ ಬಂದ ಮಾತ್ರಕ್ಕೆ ಆಯಿತೆಂದಲ್ಲ, ತನಗೆ ಯಾವಾಗ ಮಾಹಿತಿ ಬೇಕಾಗಿದೆ ಎಂದು ಗುರುತಿಸಬೇಕು, ಹುಡುಕಬೇಕು, ತೂಗಿ ನೋಡಬೇಕು, ಬಳಸಬೇಕು. 1989ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ಹೀಗೆ ವಿವರಿಸಿತು ಎಂದರು. ಮೊದಲನೆಯ ಹೆಜ್ಜೆಯೇ ಕಠಿಣ, ಬೇಕಾಗಿದೆ ಎಂಬುದೇ ಗೊತ್ತಾಗುವುದಿಲ್ಲ ಎಂದೂ ಹೇಳಿದರು. ಇನ್ನೊಂದು ಮಾತು: ಓದುಗರು ಬಂದು ಮೊದಲು ಕೇಳುವ ಪ್ರಶ್ನೆ ಅವರ ನಿಜವಾದ ಪ್ರಶ್ನೆಯಾಗಿರುವುದಿಲ್ಲ, ಯಾತಕ್ಕೆ ಎಂದು ಮೆಲ್ಲಗೆ ವಿಚಾರಿಸಬೇಕು. ನಾನು ತಲೆಯಾಡಿಸುತ್ತ ಬರೆದುಕೊಂಡೆ. ಅಂಟಿಸಿದ ತುಣುಕು ಪಕ್ಕದಲ್ಲೇ ಒಣಗುತ್ತಿತ್ತು.

ಇನ್ನು ಮೂಡಲಗಿಯಾಕೆಯ ಸುದ್ದಿ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು. ಶಾಲೆ ಮುಚ್ಚಿದ್ದ ಕಾಲ. ಆಕೆಯ ಒಂದೇ ಖೋಲಿಯ ಗ್ರಂಥಾಲಯದ ಮುಂದೆ ಮಕ್ಕಳ ಚಪ್ಪಲಿಗಳು ರಾಶಿ ಬಿದ್ದವು. ಅಲ್ಲಿನ ಪುಸ್ತಕಗಳಲ್ಲಿ ಅರ್ಧ ಹೊಳೆಯ ನೀರು ಕುಡಿದು ಉಬ್ಬಿದವು, ಮಾಳಿಗೆಯ ಮೇಲೆ ಒಣಗಿಸಿ ಕಲ್ಲು ಹೇರಿ ಚಪ್ಪಟೆ ಮಾಡಿದವು. ಮಕ್ಕಳಿಗೆ ಅದೇನೂ ಅಡ್ಡಿಯಾಗಲಿಲ್ಲ.

2021ರ ಫೆಬ್ರುವರಿಯಲ್ಲಿ ಮೊಮ್ಮಗಳನ್ನು ಬಿಡಲು ಬರುತ್ತಿದ್ದ ಒಬ್ಬ ಹೆಣ್ಣುಮಗಳು, ವಯಸ್ಸು ಐವತ್ತರ ಸಮೀಪ, ಹೊಸ್ತಿಲಲ್ಲಿ ನಿಂತು “ಅಕ್ಕಾರ, ದೊಡ್ಡಕ್ಷರದ ಪುಸ್ತಕ ಐತೇನ್ರಿ?” ಎಂದು ಕೇಳಿದಳಂತೆ. ಯಾರಿಗೆ ಎಂದರೆ ತನಗೇ. ಮೂಡಲಗಿಯಾಕೆಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಅಂದು ರಾತ್ರಿ ನಮ್ಮಿಬ್ಬರಿಗೂ ಫೋನು. ಮರುದಿನದಿಂದ ಪಾಟಿ, ಬಳಪ. ಆ ಹೆಣ್ಣುಮಗಳು ವರ್ಣಮಾಲೆಗೆ ಒಲ್ಲೆನೆಂದಳು, ನನ್ನ ಹೆಸರಷ್ಟ ಕಲಸ್ರಿ ಎಂದಳು. ಹೆಸರಿನಿಂದಲೇ ಶುರು ಮಾಡಬೇಕೆಂದು ನಾವು ಯಾವುದೋ ವೆಬಿನಾರಿನಲ್ಲಿ ಕೇಳಿದ್ದೆವು, ಆದ್ದರಿಂದ ಅದೂ ಸರಿಯೇ ಕಂಡಿತು. ನಾಲ್ಕು ಅಕ್ಷರ, ಒಂದು ಒತ್ತು. ಎಂಟು ದಿನಕ್ಕೆ ಹೆಸರು ಬಂತು. ಪಾಟಿಯ ಚಿತ್ರ ನಮ್ಮ ವಾಟ್ಸಾಪಿಗೂ ಬಂತು. ಹುಕ್ಕೇರಿಯಾಕೆ ಕೈಮುಗಿದ ಚಿತ್ರ ಕಳಿಸಿದಳು, ನಾನು ಇದನ್ನೊಂದು ಯಶೋಗಾಥೆಯೆಂದು ಮುಂದಿನ ವೆಬಿನಾರಿನಲ್ಲಿ ಹೇಳಬೇಕೆಂದು ಮನಸ್ಸಿನಲ್ಲೇ ತಲೆಬರಹ ಕೂಡ ಹುಡುಕಿದೆ.

ಒಂಬತ್ತನೆಯ ದಿನ ಮೂಡಲಗಿಯಾಕೆಗೆ ಅದೇನು ಹೊಳೆಯಿತೋ, ಹೆಸರು ಬರೆದು ಏನು ಮಾಡುತ್ತೀ ಎಂದು ಕೇಳಿದಳು. ಸೋಮವಾರ ಗೋಕಾಕಕ್ಕೆ ಹೋಗುವುದಿದೆ, ಅಣ್ಣತಮ್ಮಂದಿರು ಕಾಗದ ಮಾಡಿಸಿದ್ದಾರೆ, ಅಲ್ಲಿ ಸಾಹೇಬರ ಮುಂದೆ ಹೆಬ್ಬೆಟ್ಟು ಒತ್ತಲಿಕ್ಕೆ ನಾಚಿಕೆ ಎಂದಳು ಆಕೆ. ಏನು ಕಾಗದ ಎಂದರೆ ತಿಳಿಯದು. “ಹೊಳಿ ಬಂದು ಮನಿ ಬಿತ್ತಲ್ರಿ, ಕಾಗದಪತ್ರ ಎಲ್ಲಾ ಸುದ್ದ ಮಾಡ್ಕೊಳ್ಳಾಕತ್ತಾರು” ಎಂದಳು. ಕರಡಿನ ಒಂದು ಪ್ರತಿ ಮನೆಯಲ್ಲಿತ್ತು. ತರಿಸಿ ನೋಡಿದರೆ ಹಕ್ಕು ಬಿಡುಗಡೆ ಪತ್ರ. ತಂದೆಯ ಹೊಲದಲ್ಲಿ ತನ್ನ ಪಾಲು ಬಿಟ್ಟುಕೊಟ್ಟಿದ್ದೇನೆಂದು. ನಾವು ಎಂಟು ದಿನ ಕಲಿಸಿದ್ದು ಅದಕ್ಕೆ ಸಹಿ ಹಾಕುವುದನ್ನು.

ರಾತ್ರಿ ಮೂವರೂ ಒಂದೇ ಕರೆಯಲ್ಲಿ ಕೂಡಿದೆವು. “ನಲವತ್ತೊಂದ ಸರ್ಟಿಫಿಕೇಟ್ ಅದಾವಲ್ಲ ನಿನ್ನ ಕಡೆ, ಈಗ ಹುಡುಕು” ಎಂದಳು ಮೂಡಲಗಿಯಾಕೆ. ಹುಡುಕಿದೆ. ಅಂದು ಮಾತ್ರ ಕಲಿತದ್ದೆಲ್ಲ ಕೈಗೆ ಬಂತು. ಸರ್ಕಾರದ ‘ಇಂಡಿಯಾ ಕೋಡ್’ ಜಾಲತಾಣದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೆಯ ಕಲಮು ಸಿಕ್ಕಿತು. ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು; 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಹೊಲ ಯಾರ ಹೆಸರಿನಲ್ಲಿದೆ ಎಂದು ಭೂಮಿ ದಾಖಲೆಯಲ್ಲಿ ಉತಾರ ನೋಡಿದೆವು, ಇನ್ನೂ ತಂದೆಯ ಹೆಸರಿನಲ್ಲೇ ಇತ್ತು. ಮತ್ತೊಂದು ಸಂಗತಿ, ಇದನ್ನು ಓದುವ ನೀವೂ ನೆನಪಿಡಬೇಕಾದದ್ದು: 1987ರ ಕಾನೂನು ಸೇವೆಗಳ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರ ನೆರವು ಸಿಗುತ್ತದೆ. ತಾಲೂಕಿನ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ಆಗುತ್ತದೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಸರಳ ಕನ್ನಡದಲ್ಲಿ ಬರೆದು ಮೂಡಲಗಿಯಾಕೆಗೆ ಕಳಿಸಿದೆ.

ಆಗ ಹುಕ್ಕೇರಿಯಾಕೆ ಕೇಳಿದಳು, “ಅಂದಂಗ, ನಿಮ್ಮ ಅಪ್ಪನ ಹೊಲದ್ದು ಏನಾತ? ನೀನೂ ಆವಾಗ ಯಾವದೋ ಕಾಗದಕ್ಕ ಸಹಿ ಮಾಡಿದ್ದೆಲ್ಲ?”

“ಹೂಂ. 2008ರಾಗ.”

“ಓದಿ ಮಾಡಿದ್ದೇನು?”

“ಹಲೋ, ಕೇಳಸವಲ್ತು, ನೆಟ್‌ವರ್ಕ್ ಹೋತು” ಎಂದು ನಾನು ಫೋನಿಟ್ಟೆ. ವೆಬಿನಾರಿನಿಂದ ಕಲಿತ ಇನ್ನೊಂದು ವಿದ್ಯೆ ಅದು.

ಓದಿರಲಿಲ್ಲ. ನಾನು ಗ್ರಂಥಪಾಲಕಿಯಾಗಿ ಹದಿನಾಲ್ಕು ವರ್ಷ ಆಗಿತ್ತು. ಬಸ್ಸಿನಲ್ಲಿ ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವವಳು ನಾನು. ಆದರೆ ಆ ದಿನ ಅಣ್ಣ ಬಂದು “ಒಂದ ಸಹಿ ಐತವ್ವಾ” ಎಂದ, ಹೋದೆ. ಹೊಸ ಸೀರೆ ಉಡಿಸಿದ್ದರು, ಹೋಳಿಗೆ ಮಾಡಿದ್ದರು. ವಕೀಲರು ಬೆರಳಿಟ್ಟು ತೋರಿಸಿದ ಜಾಗದಲ್ಲೆಲ್ಲ ನನ್ನ ಚೆಂದದ ಇಂಗ್ಲಿಷ್ ಸಹಿ ಹಾಕಿದೆ. ಓದಿದರೆ ಅಣ್ಣನನ್ನು ನಂಬಲಿಲ್ಲ ಎಂದಂತಾಗುತ್ತಿತ್ತು. ಅಲ್ಲದೆ, ಈಗ ಯೋಚಿಸಿದರೆ ಅನಿಸುತ್ತದೆ, ಅಲ್ಲಿ ನನಗೆ ಸಂಬಂಧಿಸಿದ್ದು ಏನೋ ಇದೆ ಎಂದೇ ನನಗೆ ಹೊಳೆದಿರಲಿಲ್ಲ. ಆಗಸ್ಟ್ 12ರ ಮುಂಜಾನೆ ಆ ಸುದ್ದಿಯನ್ನು ಕತ್ತರಿಸುವಾಗಲೂ ಹೊಳೆಯಲಿಲ್ಲ. ಅದು 346.05 ಆಗಿತ್ತು.

ಎಲ್ಲರೂ ಮಲಗಿದ ಮೇಲೆ ಟ್ರೆಜರಿ ತೆಗೆದೆ. ಅಣ್ಣ ಕೊಟ್ಟಿದ್ದ ಝೆರಾಕ್ಸ್ ಪ್ರತಿ ಇತ್ತು. ಎಲ್ಲಿತ್ತು ಗೊತ್ತೇ? ಜುಲೈಯಲ್ಲಿ ಪ್ರಮಾಣಪತ್ರಗಳಿಗೆಂದು ಹಳೆಯದೊಂದು ಫೈಲು ತೆಗೆದುಕೊಂಡಿದ್ದೆನಲ್ಲ, ಅದರ ತಳದಲ್ಲಿ. ನಲವತ್ತೊಂದು ಬಣ್ಣದ ಹಾಳೆಗಳನ್ನು ಎತ್ತಿದರೆ ಕೆಳಗೆ ಆ ನಾಲ್ಕು ಹಾಳೆ. ಅರಿಷಿಣ ಕುಂಕುಮಕ್ಕೆಂದು ತವರಿನಿಂದ ಪಡೆದುಕೊಂಡು ನಾನು ನನ್ನ ಸಂಪೂರ್ಣ ಹಕ್ಕು ಬಿಟ್ಟಿದ್ದೆ. ಇನ್ನು ಮುಂದೆ ನಾನಾಗಲಿ ನನ್ನ ವಾರಸುದಾರರಾಗಲಿ ತಂಟೆ ತಕರಾರು ಮಾಡುವಂತಿರಲಿಲ್ಲ. ಕೊನೆಯಲ್ಲಿ, ನನ್ನ ಸಹಿಯ ಮೇಲೆಯೇ, ಯಾರ ಒತ್ತಾಯವೂ ಇಲ್ಲದೆ, ಓದಿ ಕೇಳಿ ತಿಳಿದು, ಸ್ವಸಂತೋಷದಿಂದ ಸಹಿ ಮಾಡಿದ್ದೇನೆ ಎಂದಿತ್ತು. ಎಷ್ಟೋ ಹೊತ್ತು ಆ ಸಾಲನ್ನೇ ನೋಡುತ್ತ ಕುಳಿತೆ. ಒತ್ತಾಯ ಇರಲಿಲ್ಲ, ನಿಜ. ಸಂತೋಷವೂ ಇತ್ತು, ಹೊಸ ಸೀರೆಯದು. ಮೊದಲಿನ ಮೂರು ಶಬ್ದಗಳು ಮಾತ್ರ ಸುಳ್ಳು.

ಮೂಡಲಗಿಯಾಕೆ ಮರುದಿನ ಗ್ರಂಥಾಲಯದ ಬಾಗಿಲು ಅರ್ಧ ಮುಚ್ಚಿ ಆ ಹೆಣ್ಣುಮಗಳಿಗೆ ಕರಡನ್ನು ಪೂರ್ತಿ ಓದಿ ಹೇಳಿದಳು. ನಾನು ಬರೆದ ಹಾಳೆಯನ್ನೂ ಓದಿದಳು. ಆಕೆ ಎರಡನ್ನೂ ಇನ್ನೊಮ್ಮೆ ಓದಿಸಿದಳಂತೆ. ಆಮೇಲೆ ಕೇಳಿದ್ದು ಇಷ್ಟು: “ಹಂಗಾರ ಪಂಚಮಿಗೆ ಕರಿಯಾಕ ಯಾರ ಬರ್ತಾರ್ರಿ?” ಇದಕ್ಕೆ ಉತ್ತರ ಯಾವ ಜಾಲತಾಣದಲ್ಲೂ ಇರಲಿಲ್ಲ. ನಾವು ಯಾರೂ ಆಕೆಗೆ ಹೀಗೆ ಮಾಡು ಎಂದು ಹೇಳಲಿಲ್ಲ. ಹೇಳಲಿಕ್ಕೆ ನಮಗೆ ಬಾಯಿಯೂ ಇರಲಿಲ್ಲ.

ಸೋಮವಾರ ಆಕೆ ಗೋಕಾಕಕ್ಕೆ ಹೋಗಲಿಲ್ಲ. ಜ್ವರ ಬಂದಿದೆ ಎಂದು ಹೇಳಿ ಕಳಿಸಿದಳು. ಆ ಕಾಲದಲ್ಲಿ ಜ್ವರವೆಂದರೆ ಹತ್ತಿರ ಸುಳಿಯುವವರೇ ಇರಲಿಲ್ಲ, ಅಣ್ಣಂದಿರೂ ಹದಿನೈದು ದಿನ ಮನೆಯ ಕಡೆ ಬರಲಿಲ್ಲ. ಅಷ್ಟರಲ್ಲಿ ಆಕೆ ಕಾನೂನು ಸೇವೆಯ ವಕೀಲರನ್ನು ಕಂಡು ಬಂದಿದ್ದಳು. ಏಪ್ರಿಲಿನಲ್ಲಿ ಎರಡನೆಯ ಅಲೆ ಬಂತು, ಎಲ್ಲ ಕಚೇರಿಗಳ ಕೆಲಸವೂ ನಿಂತಿತು. ಮುಂದಿನ ವರ್ಷ ಹಿರಿಯರು ಕೂಡಿ ಮಾತಾಡಿ ವಾಟ್ನಿ ಮಾಡಿದರು. ಆಕೆಗೆ ಬಂದದ್ದು ಹೊಳೆಯ ದಂಡೆಯ ಸವಳು ಹತ್ತಿದ ಇಪ್ಪತ್ತು ಗುಂಟೆ, ನ್ಯಾಯದ ಪಾಲಿಗಿಂತ ಬಹಳ ಕಡಿಮೆ. ಆಕೆ ಒಪ್ಪಿದಳು. ಆ ಪತ್ರವನ್ನು ಮಾತ್ರ ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ, ಎರಡು ಸಾಲು ತಾನೇ ಓದಿ ಸಹಿ ಮಾಡಿದಳೆಂದು ಮೂಡಲಗಿಯಾಕೆ ಹೇಳಿದಳು. ಆ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ಅದರ ಮುಂದಿನ ವರ್ಷ ಕಿರಿಯ ತಮ್ಮನ ಮಗ ಬಂದ, ಮೋಟಾರ್ ಸೈಕಲಿನ ಮೇಲೆ.

ನನ್ನ ಅಣ್ಣ ತಪ್ಪದೆ ಬರುತ್ತಾನೆ. 2021ರಲ್ಲಿ ಪಂಚಮಿ ಆಗಸ್ಟ್ 13ಕ್ಕಿತ್ತು. ಗ್ರಂಥಪಾಲಕರ ದಿನದ ವೆಬಿನಾರನ್ನು ಬಿಟ್ಟು ಹಿಂದಿನ ದಿನವೇ ಅವನ ಜೊತೆ ಹೊರಟೆ. ತವರು ಹುಕ್ಕೇರಿ ತಾಲೂಕಿನಲ್ಲಿ. ಸಂಜೆ ಹೊಲಕ್ಕೆ ಹೋದೆವು. ಬಾವಿಯ ಹತ್ತಿರ ಕುಳಿತು ಅಳ್ಳು ತಿನ್ನುತ್ತಿದ್ದಾಗ, ಆರು ತಿಂಗಳಿಂದ ಗಂಟಲಿನಲ್ಲಿದ್ದದ್ದು ಹೊರಗೆ ಬಂತು.

“ಅಣ್ಣಾ, ಆ ಕಾಗದ ಓದಿದೆ.”

“ಯಾವ ಕಾಗದ?”

“2008ರದು.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೈಯಲ್ಲಿದ್ದ ಅಳ್ಳನ್ನು ಹಾಗೆಯೇ ಹಿಡಿದಿದ್ದ. ನನಗೆ ಕೇಳಬಾರದಿತ್ತು ಎನಿಸಿತು, ಕೇಳಿದ್ದು ಒಳ್ಳೆಯದಾಯಿತು ಎಂದೂ ಎನಿಸಿತು.

“ನಾನೂ ಓದಿಲ್ಲವ್ವಾ” ಎಂದ ಕೊನೆಗೆ. “ವಕೀಲರು ಬರದಿದ್ರು, ನಾ ಸಹಿ ಮಾಡಿನಿ. ಏನ ಬರದಾರ ಅದರಾಗ?”

ನನ್ನ ಫೋನಿನಲ್ಲಿ ಅದರ ಚಿತ್ರ ಇತ್ತು. ಬೆಳಕು ಇನ್ನೂ ಉಳಿದಿತ್ತು. ಕನ್ನಡಕ ಹಾಕಿಕೊಂಡು ಮೊದಲನೆಯ ಹಾಳೆಯಿಂದ ಓದತೊಡಗಿದೆ.